ಬೊಮ್ಮಯ್ಯ ಸರ್ ಅವರ ಇನ್ನೂರು ಗಂಟೆ

ಹಟ್ಟಿಕೇರಿಯ ಬೊಮ್ಮಯ್ಯ ಸರ್ ಬಾಳೆಗುಳಿಯಲ್ಲಿ ಬಸ್ಸಿಗೆ ಕಾಯುವಾಗಲೂ ಪಕ್ಕದವರಿಗೆ 'ನಮ್ಮ ಮನೆಮಾತಿಗೆ ಇನ್ನು ಇಪ್ಪತ್ತು ವರ್ಷ, ಅಷ್ಟೇ' ಎಂದು ದೊಡ್ಡ ಡಾಕ್ಟರರ ಗತ್ತಿನಲ್ಲಿ ಹೇಳುತ್ತಾರೆ. ಕೇರಿಯ ಆ ಮಾತನ್ನು ಕೇಳಿ ಬರೆದುಕೊಳ್ಳಲು ಕಂಪ್ಯೂಟರಿಗೆ ಕಲಿಸುವ ಯೋಜನೆ ಅವರದು. ಅದಕ್ಕೆ ಇನ್ನೂರು ಗಂಟೆಯ ಧ್ವನಿಮುದ್ರಣ ಬೇಕು. ಮಾರ್ಚ್ ಒಳಗೆ ಆಗದಿದ್ದರೆ ಯೋಜನೆಯೇ ಮುಚ್ಚುತ್ತದೆ. ಮೂರು ವರ್ಷದಲ್ಲಿ ಸಿಕ್ಕಿದ್ದು ಹನ್ನೊಂದು. ರೆಕಾರ್ಡರ್ ಕಂಡರೆ ಸಾಕು, ಊರವರೆಲ್ಲ ತಹಶೀಲ್ದಾರರೆದುರು ನಿಂತಂತೆ ಗಂಟಲು ಸರಿಮಾಡಿಕೊಂಡು ಪುಸ್ತಕದ ಕನ್ನಡ ಆಡುತ್ತಾರೆ. 'ಮನೇಲಿ ಆಡೂ ಹಂಗೇ ಆಡು ಹೀರಕ್ಕಾ' ಎಂದು ಸರ್ ಗೋಗರೆದರೆ, 'ನಿಮ್ಮೆದುರಿಗಾ? ಕಲ್ತವ್ರು ನೀವು, ನಗ್ತ್ರಿ' ಎಂದು ನೆರೆಮನೆಯ ಹೀರಕ್ಕ ತಾನೇ ನಗುತ್ತಾಳೆ. ಆದರೂ ಕಾರವಾರದ ವಿಚಾರಸಂಕಿರಣಗಳಲ್ಲಿ ಸರ್ ಮೈಕು ಬಿಡುವುದಿಲ್ಲ; ಕಣ್ಣೊರೆಸಿಕೊಳ್ಳಬೇಕಾದ ಜಾಗವನ್ನೂ ಭಾಷಣದಲ್ಲಿ ಗುರುತು ಮಾಡಿಕೊಂಡಿರುತ್ತಾರೆ. ಆ ಮಾತನ್ನು ಎಲ್ಲರಿಗಿಂತ ಚೆಂದವಾಗಿ ಆಡುವವಳು ಅವರ ತಾಯಿ ದುರ್ಗಿ. ಹಿತ್ತಲಲ್ಲಿ ಎಮ್ಮೆಯ ಜೊತೆ ಗಂಟೆಗಟ್ಟಲೆ ಅದೇ ಮಾತು ಆಡುತ್ತಾಳೆ, ಮಗನ ಹೆಜ್ಜೆ ಕೇಳಿದರೆ ನಿಲ್ಲಿಸುತ್ತಾಳೆ. ಮೊನ್ನೆ ಸರ್ ಅವಳ ಕಾಲ ಬುಡದಲ್ಲೇ ಕೂತು, 'ನನ್ನ ಸಂಗಡನೂ ಒಂಚೂರು ಆಡೇ ಅವ್ವಿ' ಎಂದರು. ಹೈಸ್ಕೂಲಿನಲ್ಲಿದ್ದಾಗ, ಗೆಳೆಯರು ಮನೆಗೆ ಬಂದ ದಿನ, 'ಆ ಮಾತು ನನ್ನೆದುರು ಆಡ್ಬೇಡ, ಮರ್ಯಾದಿ ಹೋಗ್ತದೆ' ಎಂದು ತಾಯಿಗೆ ಹೇಳಿದವರೂ ಇದೇ ಸರ್. ದುರ್ಗಿ ಅಂದಿನಿಂದ ಒಮ್ಮೆಯೂ ತಪ್ಪಿರಲಿಲ್ಲ. ಈಗ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಕೊನೆಗೆ, ನಲವತ್ತು ವರ್ಷ ರೂಢಿಸಿಕೊಂಡ ಶುದ್ಧ ಕನ್ನಡದಲ್ಲಿ, 'ಊಟ ಮಾಡುತ್ತೀಯಾ, ಮಗನೇ?' ಎಂದಳು.