ಬದಲಾಪುರದಲ್ಲಿ ಇಳಿಸಿದ ಗಾಳಿ

ನನ್ನ ಗಾಡಿಯ ಟೈರಿನಲ್ಲಿ ಎಷ್ಟು ಗಾಳಿ ಇರಬೇಕೆಂದು ಯಾರೂ ನನಗೆ ಹೇಳಿಕೊಡುವುದು ಬೇಡ ಎಂದು ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಎಷ್ಟು ಜನರೊಡನೆ ಜಗಳವಾಡಿದ್ದೇನೋ, ಲೆಕ್ಕವಿಲ್ಲ. ರಬಾಳೆಯ ಕಂಪನಿಯಿಂದ ರಿಟೈರ್ ಆದ ಮೇಲೆ ನಾಲ್ಕೂ ಚಕ್ರ ಎಳೆಯುವ ಈ ಗಾಡಿ ಕೊಂಡೆ. ತುರ್ಭೆಯ ಅಂಗಡಿಯೊಂದರಲ್ಲಿ ಅದರ ಮೂಲ ಟೈರು ತೆಗೆಸಿ, ಡಾಂಬರಿಗೂ ಕೆಸರಿಗೂ ಒದಗುವ ದಪ್ಪ ಹಲ್ಲಿನ ಆಲ್-ಟೆರೇನ್ ಟೈರು ಹಾಕಿಸಿದೆ. ಮಳೆಗಾಲದ ಭಾನುವಾರಗಳಲ್ಲಿ ಗೆಳೆಯರೊಡನೆ ಬದಲಾಪುರದಾಚೆಯ ಹಳ್ಳದ ಕೆಸರಿನಲ್ಲಿ ಗಾಡಿ ಹೊರಳಾಡಿಸಿ ಬರುವುದು ನನ್ನ ಹುಚ್ಚು. "ಟೈರ್ ನೋಡಿಕೊಂಡಷ್ಟು ನನ್ನ ಮೊಣಕಾಲ ನೋಡಿಕೊಂಡಿದ್ರ ನಾ ಇವತ್ತ ಓಡ್ತಿದ್ದೆ" ಎನ್ನುತ್ತಾಳೆ ಹೆಂಡತಿ. ಅವಳ ಮಾತಿನಲ್ಲಿ ಸುಳ್ಳೇನೂ ಇಲ್ಲ.

ಗಾಡಿಯ ಬಾಗಿಲಿನ ಒಳಬದಿಗೆ ಕಂಪನಿಯವರು ಗಾಳಿಯ ಅಂಕಿ ಅಂಟಿಸಿರುತ್ತಾರೆ. ಅದು ಮೂಲ ಟೈರಿಗೆ. ಬೇರೆ ಟೈರು ಹಾಕಿದ ಮೇಲೆ ನಮ್ಮ ಅಂಕಿ ನಾವೇ ಹುಡುಕಿಕೊಳ್ಳಬೇಕು. ಗಾಳಿ ಇಳಿಸಿದರೆ ಟೈರು ಅಗಲವಾಗಿ ಕೆಸರನ್ನು ಹಿಡಿಯುತ್ತದೆ, ಕುಲುಕಾಟವೂ ಕಡಿಮೆ. ಭಾರ ಹೇರಿ ಡಾಂಬರಿನ ಮೇಲೆ ಓಡುವಾಗ ಮಾತ್ರ ಗಾಳಿ ಏರಿಸಲೇಬೇಕು. ಇಲ್ಲದಿದ್ದರೆ ಗುಂಡಿಯ ಅಂಚು ಟೈರಿನ ಪಕ್ಕೆಯನ್ನು ರಿಮ್ಮಿಗೆ ಒತ್ತಿ ಸೀಳಿಬಿಡುತ್ತದೆ. ಇಷ್ಟೇ ವಿದ್ಯೆ. ಇದನ್ನು ನಾನು ಎಷ್ಟೋ ಜನರಿಗೆ ಭಾಷಣ ಮಾಡಿ ಹೇಳಿದ್ದೇನೆ.

ಹೋದ ಮಳೆಗಾಲದಲ್ಲಿ ಮಗಳ ಕುಬಸ ಇತ್ತು. ಅವಳನ್ನು ಕೊಟ್ಟಿರುವುದು ಬದಲಾಪುರಕ್ಕೆ, ವಿಜಯಪುರ ಕಡೆಯ ಮನೆತನ. ಏಳು ತಿಂಗಳ ಬಸುರಿಗೆ ಅತ್ತೆಮನೆಯಲ್ಲೇ ಸೀರೆ, ಕುಬಸ, ಬಳೆ ತೊಡಿಸಿ, ಅವತ್ತೇ ಬಾಣಂತನಕ್ಕೆ ತವರಿಗೆ ಕರೆತರುವುದೆಂದು ಮಾತಾಗಿತ್ತು. ನಾನು, ಹೆಂಡತಿ, ಹಿಂದೆ ಡಬ್ಬಿಗಳು: ಶೇಂಗಾ ಹೋಳಿಗೆ, ಕರ್ಚಿಕಾಯಿ, ಬೇಸನ್ ಉಂಡಿ, ಚಕ್ಕುಲಿ. ಗಾಳಿ ತುಂಬುವ ನನ್ನ ಸಣ್ಣ ಪಂಪು ಸದಾ ಡಿಕ್ಕಿಯಲ್ಲಿರುತ್ತದೆ. ಅವತ್ತು ಹೋಳಿಗೆ ಡಬ್ಬಿಗೆ ಜಾಗ ಸಾಲದೆಂದು ಮನೆಯಲ್ಲೇ ಬಿಟ್ಟೆ.

ಊಟವಾದ ಮೇಲೆ ಬೀಗರನ್ನು ಗಾಡಿಯ ಹತ್ತಿರ ಕರೆದುಕೊಂಡು ಹೋಗಿ ಭಾಷಣ ಶುರು ಮಾಡಿದೆ. ಬರುವಾಗ ಭಾರವಿತ್ತು, ಹೋಗುವಾಗ ನಾವು ಮೂವರೇ, ಖಾಲಿ ಡಬ್ಬಿ. ಬಸುರಿ ಹುಡುಗಿ ಕೂರುವ ಗಾಡಿ ಮೆತ್ತಗಿರಬೇಕು. ಹೀಗೆಂದು ಬಗ್ಗಿ ಕುಳಿತು ನಾಲ್ಕೂ ಟೈರಿನ ಗಾಳಿ ಇಳಿಸಿದೆ, ಕೆಸರಿಗೆ ಇಳಿಸುವಷ್ಟಲ್ಲದಿದ್ದರೂ ಹತ್ತಿರಹತ್ತಿರ. ಬೀಗರು "ಭಾಳ ಛಲೋ ಮಾಹಿತಿ ಅದರೀ ನಿಮಗ" ಎಂದರು. ನನಗೆ ಕೋಡು ಮೂಡಿದಂತಾಯಿತು.

ಆಮೇಲೆ ಡಬ್ಬಿಗಳು ಹೊರಗೆ ಬಂದವು. ಒಂದೂ ಖಾಲಿ ಇರಲಿಲ್ಲ. ಅರ್ಧ ಚೀಲ ಜೋಳ, ಬೆಲ್ಲದ ಪೆಂಟಿ, ತೆಂಗಿನಕಾಯಿ ಬೇರೆ. "ಅಯ್ಯ, ಇಷ್ಟ್ಯಾಕರೀ?" ಎಂದೆ.

"ಸೊಸಿ ತವರಿಗೆ ಹೊಂಟಾಗ ಖಾಲಿ ಡಬ್ಬಿ ಹೆಂಗ ಕಳಸೂದ್ರೀ ಬೀಗರ? ಮಂದಿ ಏನಂದಾರು?" ಎಂದರು ಬೀಗತಿ. ಅಷ್ಟೇ ಅಲ್ಲ, ಅವರು ಮತ್ತು ಮೈಕೈ ತುಂಬಿಕೊಂಡ ಅವರ ನಾದಿನಿ ಸೆರಗು ಸುತ್ತಿಕೊಂಡು ಗಾಡಿ ಹತ್ತಿದರು. ಬಸುರಿಯನ್ನು ತವರಿನ ಹೊಸ್ತಿಲವರೆಗೆ ಮುತ್ತೈದೆಯರು ಬಿಟ್ಟು ಬರಬೇಕಂತೆ. ನಮ್ಮಲ್ಲಿ ತುಂಬಿದ ಡಬ್ಬಿ ತುಂಬಿಯೇ ತಿರುಗಿ ಬರುತ್ತದೆ, ಹುಟ್ಟಿದಾಗಿನಿಂದ ನೋಡಿದ್ದೇನೆ. ಗಾಳಿಯ ಲೆಕ್ಕ ಹಾಕುವಾಗ ಅದೊಂದೇ ನನ್ನ ತಲೆಗೆ ಬರಲಿಲ್ಲ.

"ಗಾಡಿ ಕೆಳಗ ಕುಂತಂಗ ಕಾಣ್ತದಲ್ರೀ, ಹಿಂದಿನ ಟೈರ್ ನೋಡ್ರಿ" ಎಂದಳು ಹೆಂಡತಿ.

"ನಿನಗೇನ ತಿಳೀತದ, ಸುಮ್ನ ಕೂಡು" ಎಂದೆ. ನನಗೂ ಕಂಡಿತ್ತು.

ದಾರಿಯಲ್ಲಿ ಪೆಟ್ರೋಲ್ ಪಂಪು ಬಂತು. ಗಾಳಿ ಹಾಕುವಲ್ಲಿ ಒಂದೆರಡು ರಿಕ್ಷಾ ನಿಂತಿದ್ದವು, ಅಷ್ಟೇ. ನಿಲ್ಲಿಸಲಿಲ್ಲ. ಈಗ ತಾನೇ ಇಳಿಸಿದ ಗಾಳಿಯನ್ನು ಬೀಗತಿಯ ಕಣ್ಣೆದುರು ಮತ್ತೆ ತುಂಬಿಸಿದರೆ ಮುಖಭಂಗ ಅಲ್ಲವೇ? ಸಂಜೆ ಅವರು ಮನೆಗೆ ಹೋಗಿ ಗಂಡನಿಗೆ ಹೇಳಿ ನಗುತ್ತಾರೆ. ಇದು, ಇಷ್ಟು ಸಣ್ಣದು ನನ್ನ ಕಾರಣ. ನಿಧಾನ ಹೋದರಾಯಿತು ಎಂದುಕೊಂಡು ಮುಂದೆ ಬಿಟ್ಟೆ.

ಕಟಾಯಿ ನಾಕಾದ ಕಡೆ ಹೋಗುವ ರಸ್ತೆಯಲ್ಲಿ ಮಳೆನೀರು ತುಂಬಿದ ಗುಂಡಿಯೊಂದು ಕಾಣಲಿಲ್ಲ. ಎಡಗಡೆಯ ಹಿಂದಿನ ಚಕ್ರ ಧಡ್ ಎಂದು ಬಿತ್ತು. ಮಗಳು ಕುಳಿತದ್ದು ಅದೇ ಕಡೆ. ಗಾಡಿ ಒಂದು ಪಕ್ಕಕ್ಕೆ ಎಳೆದುಕೊಂಡು ಹೋಗಿ ನಿಂತಿತು. ಇಳಿದು ನೋಡಿದರೆ ಟೈರಿನ ಪಕ್ಕೆ ಸೀಳಿತ್ತು, ರಿಮ್ಮು ಬಾಗಿತ್ತು. ನಾನು ಇನ್ನೂ ಅದನ್ನೇ ನೋಡುತ್ತಿದ್ದೆ. ಒಳಗಿನಿಂದ ಮಗಳು, "ಅಪ್ಪಾ, ಹೊಟ್ಟಿ ಭಾಳ ಗಟ್ಟಿ ಆಗ್ಲಿಕತ್ತದ. ಅಂಜಿಕಿ ಬರ್ಲಿಕತ್ತದ, ಡರ್ ಲಗ್ ರಹಾ ಹೈ" ಎಂದಳು.

ರಿಕ್ಷಾ ನಿಲ್ಲಿಸಿ ಹೆಂಡತಿ, ಬೀಗತಿ ಅವಳನ್ನು ನಡುವೆ ಕೂರಿಸಿಕೊಂಡು ಡೊಂಬಿವಲಿಯ ನರ್ಸಿಂಗ್ ಹೋಮಿಗೆ ಹೊರಟರು. ನಾನು ಸ್ಟೆಪ್ನಿ ಹಾಕಬೇಕಿತ್ತು. ನಟ್ಟು ಮತ್ತೆ ಮತ್ತೆ ಕೆಸರಿಗೆ ಬಿದ್ದುಹೋಗುತ್ತಿತ್ತು. ಮಳೆಯಲ್ಲಿ ನಿಂತು ಕೊಡೆ ಹಿಡಿದಿದ್ದ ಬೀಗತಿಯ ನಾದಿನಿ, "ಏನೂ ಆಗೂದಿಲ್ರೀ, ಅಣ್ಣಾರ" ಎನ್ನುತ್ತಲೇ ಇದ್ದರು. ಆ ಹೆಂಗಸಿನ ಭಾರವನ್ನು ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ನಾನು ನರ್ಸಿಂಗ್ ಹೋಮ್ ತಲುಪುವಷ್ಟರಲ್ಲಿ ಮಗಳಿಗೆ ಸ್ವಲ್ಪ ರಕ್ತ ಹೋಗಿತ್ತು. ಕೂಸಿನ ಎದೆಬಡಿತ ಸರಿಯಿದೆ, ಆದರೆ ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳುವಂತಿಲ್ಲ ಎಂದರು ಡಾಕ್ಟರು. ರಜೆ ಸಿಗದ ಅಳಿಯ ಆಫೀಸಿನಿಂದ, ಬೀಗರು ಬದಲಾಪುರದಿಂದ ಓಡಿ ಬಂದರು. ಎಲ್ಲರ ಎದುರಿಗೇ ಹೇಳಿದೆ, "ತಪ್ಪು ನಂದು. ಗಾಳಿ ಇಳಿಸಿದ್ದೆ, ಪಂಪ್ ಕಂಡರೂ ನಿಲ್ಲಿಸಲಿಲ್ಲ." ಯಾರೂ ಕೇಳಿಸಿಕೊಳ್ಳಲಿಲ್ಲ! ಬೀಗರು ರಸ್ತೆ ಮಾಡಿದವರನ್ನು ಬೈದರು. ಬೀಗತಿ, ಕುಬಸಕ್ಕೆ ಬಂದವರ ದೃಷ್ಟಿ ಎಂದು ಉಪ್ಪು ನಿವಾಳಿಸಿದರು. ಮಗಳಂತೂ, "ಛೋಡೋ ನಾ ಅಪ್ಪಾ, ನೀ ನನ್ನ ಸಲುವಾಗೇ ಮಾಡಿದ್ದಿ" ಎಂದಳು. ಒಬ್ಬರಾದರೂ ಬೈದಿದ್ದರೆ ಜಗಳ ಕಾದು ಹಗುರಾಗುತ್ತಿದ್ದೆ. ಹೆಂಡತಿಯೂ ಬೈಯಲಿಲ್ಲ. ಟೈರಿನ ವಿಷಯದಲ್ಲಿ ನನ್ನನ್ನು ಚುಡಾಯಿಸುವುದನ್ನು ಮಾತ್ರ ನಿಲ್ಲಿಸಿಬಿಟ್ಟಳು.

ಆ ಎರಡು ತಿಂಗಳು ಮಗಳು ಕಾಲಿನ ಕೆಳಗೆ ದಿಂಬು ಇಟ್ಟುಕೊಂಡು ಮಲಗಿಯೇ ಇದ್ದಳು. ನೀರು ಕೊಡಲು ಹೋದಾಗಲೆಲ್ಲ ನನ್ನ ಕಣ್ಣು ಅವಳ ಹೊಟ್ಟೆಯ ಮೇಲೇ. ಒದೆಯಿತಾ, ಒದೆಯಿತಾ ಎಂದು ಕೇಳಿ ಕೇಳಿ ತಲೆ ತಿಂದೆ. ಕೂಸು ದಿನ ತುಂಬಿಯೇ ಹುಟ್ಟಿತು, ಹೆಣ್ಣು, ಗುಂಡುಗುಂಡಗೆ. ಮೊದಲ ಸಲ ಎತ್ತಿಕೊಂಡಾಗ ಕೈ ಕಾಲು ಬೆರಳು ಎಲ್ಲವನ್ನೂ ಮುಟ್ಟಿ ನೋಡಿ ಹಾಳು ಮುದುಕನಂತೆ ಅತ್ತೆ.

ಕೂಸಿಗೆ ಮೂರು ತಿಂಗಳಾದಾಗ ಮಗಳು ಬದಲಾಪುರಕ್ಕೆ ಹೊರಡುವ ದಿನ ಬಂತು. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಕೆಳಗಿಳಿದು ಒಂದೊಂದನ್ನೂ ಅಳೆದೆ. ಎಷ್ಟು ಜನ, ಎಷ್ಟು ಸಾಮಾನು ಎಂದು ಹೆಂಡತಿಯನ್ನು ಕೇಳಿ, ಅವಳು ಹೇಳಿದಂತೆ ಗಾಳಿ ತುಂಬಿದೆ. ಹೊಸ ಟೈರು, ಹೊಸ ರಿಮ್ಮು ಹಾಕಿಸಿಯಾಗಿತ್ತು. ಹಿಂದಿನ ಸೀಟಿನ ಮೇಲೆ ದುಪ್ಪಟಿ ಹಾಸಿ ಮನೆಯೊಳಗೆ ಬಂದೆ. ಮಗಳು, ಕರೆದೊಯ್ಯಲು ಬಂದಿದ್ದ ಅಳಿಯನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಅಪ್ಪಾ, ನಾವ್ ಲೋಕಲ್‌ನ್ಯಾಗ ಹೋಗ್ತೀವಿ. ಮಧ್ಯಾಹ್ನದಾಗ ಮಂದಿ ಗರ್ದಿ ಇರೂದಿಲ್ಲ. ನೀ ಸಾಮಾನು ಗಾಡ್ಯಾಗ ತಗೊಂಡು ಬಾ" ಎಂದಳು. ಅವಳೇ ಮತ್ತೆ ಸೇರಿಸಿದಳು, "ಬೇಬಿಗೆ ಟ್ರೇನ್ ಭಾಳ ಸೇರ್ತದ, ಅಪ್ಪಾ."

ಕೂಸು ಇನ್ನೂ ಒಮ್ಮೆಯೂ ರೈಲು ಹತ್ತಿರಲಿಲ್ಲ. ನಾನು "ಹೂಂ" ಎಂದು ಸಾಮಾನಿನ ಜೊತೆ ಹೋಗಬೇಕಿದ್ದ ಕೂಸಿನ ತೊಟ್ಟಿಲನ್ನು ಹೊತ್ತುಕೊಂಡು ಕೆಳಗಿಳಿದೆ.