ಕಂಬಳಿಯ ಮೇಲೆ ಕುಳಿತ ಅಪ್ಪ

ನನಗೆ ಎರಡು ಬೇಕಾಗಿದ್ದವು: ರಾಯಚೂರಿನ ಕೋರ್ಟಿನಲ್ಲಿ ಕರಿ ಕೋಟು ತೊಟ್ಟು ನಿಲ್ಲುವುದು, ಮತ್ತು ಮಾನ್ವಿಯ ಆ ಹುಡುಗ. ರಾಯಚೂರಿನಲ್ಲಿ ಓದುವಾಗ ಪರಿಚಯವಾದವನು, ನಮ್ಮ ಜನದವನೇ. ಆಗ ಪೋತ್ನಾಳದಲ್ಲಿ ಮಾಸ್ತರನಾಗಿದ್ದ. ಎರಡರಲ್ಲಿ ಒಂದನ್ನು ಬಿಡು ಎಂದವರಿಗೆ ಎರಡೂ ಬೇಕು ಎನ್ನುತ್ತಿದ್ದೆ. ದುರಾಸೆ ಅಂದರೆ ಅನ್ನಲಿ.

ಅವನ ಅಪ್ಪನದು ಒಂದೇ ಹಟ: ಸೊಸೆ ಕೋರ್ಟಿನ ಮೆಟ್ಟಿಲು ಹತ್ತಬಾರದು. ಸಂಬಂಧ ಕುದುರಿಸಲು ಓಡಾಡುತ್ತಿದ್ದ ನನ್ನ ಸೋದರಮಾವ ಅದಕ್ಕೊಂದು ದಾರಿ ಹುಡುಕಿದ.

"ಸಾವಿರ ಸುಳ್ಳು ಹೇಳಿ ಒಂದು ಮದಿವಿ ಮಾಡು ಅಂತಾರ. ನಾವು ಒಂದಾ ಹೇಳಾಕತ್ತೀವಿ. ಕೋರ್ಟ್ ಬಿಡತಾಳ ಅಂದುಬಿಡ್ರಿ, ಮುಂದಿಂದು ಮುಂದ."

ನಾನು ಸಿಡಿದೆದ್ದೆ. ಅವ್ವ ಸುಮ್ಮನಿರಿಸಿದಳು. ಗೂಗಲ್ ಊರ ಕಡೆಯ ಹೊಳೆದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಅಪ್ಪ, ಸುದ್ದಿ ಮುಟ್ಟಿದಾಗ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಬೀಗರು ಬರುವ ದಿನ ಮಾವ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟ. ಆದರೆ ಅವ್ವನಿಗೆ ಹಿಗ್ಗು ತಡೆಯಲಿಲ್ಲ. ಬೀಗರೆಂದರೆ ಸುಮ್ಮನೆಯೇ ಎಂದು ಪೆಟ್ಟಿಗೆಯಿಂದ ಕರಿ ಕಂಬಳಿ ತೆಗೆದು ನಡುಮನೆಯಲ್ಲಿ ಹಾಸಿಬಿಟ್ಟಳು. ಮಾವನ ಮುಖ ಬಿಳಿಚಿಕೊಂಡಿತು. ಕಂಬಳಿಯ ಮೇಲೆ ಕುಳಿತವರು ಸುಳ್ಳಾಡಬಾರದು. ಕುರಿ ಕಾಯುವ ನಮ್ಮ ಜನದಲ್ಲಿ ಜಗಳ ಬಗೆಹರಿಯುವುದೂ ಅದರ ಮೇಲೆಯೇ, ಸಂಬಂಧ ಗಟ್ಟಿಯಾಗುವುದೂ ಅದರ ಮೇಲೆಯೇ. ಮರ್ಯಾದೆ ಮಾಡುವ ಭರದಲ್ಲಿ ಅವ್ವನಿಗೆ ಇದು ಮರೆತೇಹೋಗಿತ್ತು.

ಹುಡುಗ ಕುರ್ಚಿಯಲ್ಲಿ ಕುಳಿತ. ಇಬ್ಬರು ಅಪ್ಪಂದಿರು ಕಂಬಳಿಯ ಮೇಲೆ.

"ಹುಡುಗಿ ಕೋರ್ಟ್ ಬಿಡತಾಳ ಅಂತ ಹೇಳ್ಯಾರ್ರಿ. ನಿಮ್ಮ ಬಾಯಿಲೆ ಒಂದು ಮಾತು ಬರ್ಲಿ," ಎಂದರು ಹುಡುಗನ ಅಪ್ಪ.

ಬಾಗಿಲ ಮರೆಯಲ್ಲಿ ನಿಂತ ನನಗೆ ಅಪ್ಪನ ಕೈ ಮಾತ್ರ ಕಾಣುತ್ತಿತ್ತು. ಕಂಬಳಿಯ ಅಂಚನ್ನು ಸವರುತ್ತಿತ್ತು.

"ಬಿಡಂಗಿಲ್ರಿ," ಎಂದ ಅಪ್ಪ. "ಕುರಿ ಕಾಯ್ದು ಓದಿಸೀನಿ. ನಾಳಿ ಆಕಿನಾ ಬಿಡತೀನಿ ಅಂದ್ರೂ ನಾ ಬಿಡಗೊಡಂಗಿಲ್ಲ."

ಮಾವ ಹಣೆ ಬಡಿದುಕೊಂಡ. ಹುಡುಗ ಕೈ ತಪ್ಪಿದ ಎಂದು ಅಳು ಬಂತು ನನಗೆ, ನಿಜ. ಆದರೆ ಇಂಥವನ ಮಗಳಲ್ಲವೇ ನಾನು ಎಂದು ಎದೆ ಉಬ್ಬಿತು, ಅದೂ ನಿಜ. ಆ ಹೊತ್ತಿನ ಹೆಮ್ಮೆಯನ್ನು ಆಮೇಲೆ ಗೆದ್ದ ಯಾವ ಕೇಸೂ ಕೊಟ್ಟಿಲ್ಲ.

ಹುಡುಗನ ಅಪ್ಪ ಟವೆಲ್ಲು ಕೊಡವಿ ಎದ್ದರು. "ಹಂಗಾದ್ರ ಇದು ಕೂಡೂ ಮಾತಲ್ರಿ."

ಹುಡುಗನೂ ಕುರ್ಚಿ ಬಿಟ್ಟು ಎದ್ದ. ಹೊರಟ ಎಂದುಕೊಂಡೆ. ಅವನು ಬಂದು ನನ್ನ ಅಪ್ಪನ ಪಕ್ಕ ಕಂಬಳಿಯ ಮೇಲೆ ಕುಳಿತ.

"ಯಪ್ಪಾ, ಆಕಿ ಬಿಡಂಗಿಲ್ಲ ಅಂತ ನನಗ ಮೊದಲಾ ಗೊತ್ತಿತ್ತು. ಬಿಡಲಿ ಅಂತ ನನಗೂ ಇಲ್ಲ. ಮದಿವಿ ಮಾಡ್ಕೊಂಡ್ರ ಆಕಿನ್ನಾ."

ಹೊಸ್ತಿಲವರೆಗೆ ಹೋಗಿದ್ದ ಅವನ ಅಪ್ಪ ತಿರುಗಿ ಬಂದರು. ಅವರೂ ಕಂಬಳಿಯ ಜನವೇ, ಅದರ ಮೇಲೆ ಆಡಿದ ಮಾತನ್ನು ದಾಟಿ ಹೋಗುವುದು ಅವರಿಂದಲೂ ಆಗಲಿಲ್ಲ. "ನಿಮ್ಮ ಕಂಬಳಿ ಭಾಳ ಬಿರಸು ಅದ ಬಿಡ್ರಿ," ಎನ್ನುತ್ತಾ ಮತ್ತೆ ಕುಳಿತರು.

ಮದುವೆಯಾಗಿ ರಾಯಚೂರಿಗೆ ಹೊರಟಾಗ ಅವ್ವ ಆ ಕಂಬಳಿಯನ್ನೇ ನನ್ನ ಕೈಗಿತ್ತು ನಕ್ಕಳು. "ಸುಳ್ಳು ಹೇಳೂದಿದ್ರ ಮಡಚಿಟ್ಟು ಹೇಳು, ಯವ್ವಾ. ನನ್ನಂಗ ಮರೀಬ್ಯಾಡ."

ನಮ್ಮ ಮನೆಯಲ್ಲಿ ಅದು ಇವತ್ತಿಗೂ ಹಾಸಿಯೇ ಇದೆ.