ಕೌದಿಯ ಅಂಚಿನ ಮೂರು ಸಾಲು

ಟಿಕ್, ಸರ್ರ್. ಟಿಕ್, ಸರ್ರ್. ಸೂಜಿಯ ಹಿಂಬದಿ ಬೆಳ್ಳಿಗೆ ತಾಗುವ ಸದ್ದು ಮೊದಲು, ಆಮೇಲೆ ನಾಲ್ಕು ಪದರ ಹಳೆಯ ಸೀರೆಯೊಳಗಿಂದ ದಾರ ಎಳೆದುಕೊಂಡು ಬರುವ ಸದ್ದು. ನನ್ನ ಓರಗಿತ್ತಿ, ಅಂದರೆ ಗಂಡನ ಅಣ್ಣನ ಹೆಂಡತಿ, ಕೌದಿ ಹೊಲಿಯಲು ಕೂತರೆ ಕೊಚ್ಚಿಯ ಎಡಪ್ಪಳ್ಳಿಯ ಅವರ ಮನೆಯ ಹೊರಗೆ ಬಸ್ಸುಗಳು ಎಷ್ಟೇ ಹಾರ್ನ್ ಹೊಡೆಯಲಿ, ಒಳಗೆ ನನಗೆ ಕೇಳಿಸುತ್ತಿದ್ದುದು ಇದೊಂದೇ. ಸೂಜಿ ನೂಕಲು ಬೆರಳಿಗೆ ತೊಡುವ ಥಿಂಬಲ್ ಎಂಬುದನ್ನು ಅವರು ಕಂಡವರೇ ಅಲ್ಲ. ತಮ್ಮ ತಾಯಿಯ ಅಗಲವಾದ ಬೆಳ್ಳಿ ಕಾಲುಂಗುರವನ್ನು ನಡುಬೆರಳಿಗೆ ಏರಿಸಿಕೊಂಡು ಅದರಿಂದ ಸೂಜಿ ನೂಕುತ್ತಿದ್ದರು.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ಧಾರವಾಡದ ಕಡೆಯವರು, ಭಾವನ ಬ್ಯಾಂಕಿನ ಟ್ರಾನ್ಸ್‌ಫರ್ ಹಿಂದೆ ಕೊಚ್ಚಿಗೆ ಬಂದವರು. ನಾನು ಕಾಸರಗೋಡಿನವಳು, ಕಾನ್ವೆಂಟಿನಲ್ಲಿ ಓದಿ, ತಿರುವನಂತಪುರದ ಸರಕಾರಿ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಅವರ ಮೈದುನನನ್ನು ಮದುವೆಯಾದವಳು. ಮೊದಲ ಸಲ ನನ್ನ ಕನ್ನಡ ಕೇಳಿದಾಗ ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು.

"ಏನವಾ ಇದು, ಪುಸ್ತಕ ಓದಿಧಂಗ ಮಾತಾಡ್ತಿ! ಗಂಡನ್ನ ಬಯ್ಯೂದೂ ಹಿಂಗಽ ಏನ?"

ಹೊಸ ಬಟ್ಟೆಯ ಒಂದು ತುಂಡನ್ನೂ ಅವರು ಕೌದಿಗೆ ಸೇರಿಸುತ್ತಿರಲಿಲ್ಲ. ಪಕ್ಕದ ಮನೆಯ ಮಲಯಾಳಿ ಚೇಚಿ ಜರಿ ಅಂಚಿನ ಹಳೆಯ ಮುಂಡುಪಂಚೆ ತಂದುಕೊಟ್ಟರೆ ಕೆನ್ನೆಗೆ ಒತ್ತಿ ನೋಡುತ್ತಿದ್ದರು. "ಉಟ್ಟು ಮೆತ್ತಗಾದ ಅರಿವಿ ಬೇಕವಾ. ಹೊಸಾದು ಮೈಗೆ ಹತ್ತೂದಿಲ್ಲ." ಕೊಚ್ಚಿಯ ಸೆಖೆಗೆ ಕೌದಿ ಯಾಕೆ ಎಂದು ನಾನು ಕೇಳಿದರೆ, "ಹೊಚ್ಚಗೋಬ್ಯಾಡ, ಹಾಸ್ಕೋ. ಏನ್ ತ್ರಾಸು ನಿನಗ?" ಅಷ್ಟೇ ಉತ್ತರ.

ಒಂದು ಕ್ರಿಸ್‌ಮಸ್ ರಜೆಯಲ್ಲಿ ನಾನು ಅವರ ಮನೆಯಲ್ಲಿದ್ದಾಗ ಅಕ್ಕ ಜ್ವರದಿಂದ ಮಲಗಿದರು. ಅರ್ಧ ಹೊಲಿದ ಕೌದಿ ಕುರ್ಚಿಯ ಮೇಲಿತ್ತು. ಬಿಡಿಸಿ ನೋಡಿದೆ. ಒಂದು ಬದಿಯ ಅಂಚಿನ ಮೂರು ಸಾಲು ಇರುವೆಗಳ ಹಾದಿಯ ಹಾಗೆ ಅತ್ತಿತ್ತ ಓಡಿದ್ದವು. ನಮ್ಮ ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಲ್ಲಿ ಸಿಸ್ಟರ್ ಸ್ಕೇಲ್ ಇಟ್ಟು ಹೊಲಿಗೆ ಅಳೆಯುತ್ತಿದ್ದರು. ಸೊಟ್ಟಗಾದರೆ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರು. ಆ ಅಭ್ಯಾಸ ನನ್ನ ಬೆರಳಲ್ಲಿ ಕೂತಿತ್ತು. ಮೂರೂ ಸಾಲನ್ನು ಬಿಚ್ಚಿ, ಎರಡು ದಿನ ಕೂತು, ಪುಟ್ಟ ಪುಟ್ಟ ಹೊಲಿಗೆಯಲ್ಲಿ ಗೆರೆ ಎಳೆದ ಹಾಗೆ ಹೊಲಿದೆ. ಪರ್ಫೆಕ್ಟ್! ಜ್ವರ ಇಳಿದ ದಿನ ಅವರ ಮಂಚದ ಮೇಲೆ ಹರಡಿ, "ಸರ್ಪ್ರೈಸ್!" ಎಂದೆ.

ಅಕ್ಕ ಆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಬಹಳ ಹೊತ್ತು ಆಡಿಸಿದರು.

"ಛಲೋ ಹೊಲದಿ," ಎಂದರು. ಆಮೇಲೆ, "ಅವು ನಮ್ಮವ್ವ ಹಾಕಿದ ಸಾಲು ಇದ್ವು. ಕಡೀಕ ಆಕೀಗೆ ಕಣ್ಣು ಕಾಣ್ತಿದ್ದಿಲ್ಲ."

ನಾನು ಕಸದ ಬುಟ್ಟಿಗೆ ಓಡಿದೆ. ಬಿಚ್ಚಿದ ದಾರವಾದರೂ ಸಿಗಲಿ ಎಂದು. ಬುಟ್ಟಿ ಬೆಳಿಗ್ಗೆಯೇ ಖಾಲಿಯಾಗಿತ್ತು.

ಮರುದಿನ ಕೌದಿ, ಸೂಜಿ, ಉಂಗುರ ಎಲ್ಲ ಟ್ರಂಕು ಸೇರಿದವು. ಅಕ್ಕ ನನ್ನನ್ನು ಬಯ್ಯಲಿಲ್ಲ. ನನ್ನ ಹೆರಿಗೆಗೆ ಬಂದು ಎರಡು ತಿಂಗಳು ನಿಂತರು, ವರ್ಷವರ್ಷವೂ ಗುರೆಳ್ಳಿನ ಚಟ್ನಿಪುಡಿ ಕಳಿಸಿದರು. ಆದರೆ ಮೂವತ್ತು ವರ್ಷಕ್ಕೂ ಮೇಲೆ ಅವರ ಕೈಯಲ್ಲಿ ನಾನು ಸೂಜಿ ನೋಡಲಿಲ್ಲ. ಸಾರಿ ಎಂಬ ಪದ ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ನನ್ನ ಬಾಯಿಗೆ ಬರುತ್ತಿತ್ತು. ಅಕ್ಕನೆದುರು ಒಮ್ಮೆಯೂ ಬರಲಿಲ್ಲ.

ಭಾವ ತೀರಿಕೊಂಡ ಮೇಲೆ ಮಗಳು ಅಕ್ಕನನ್ನು ತಿರುವನಂತಪುರದ ಶ್ರೀಕಾರ್ಯದಲ್ಲಿದ್ದ ತನ್ನ ಫ್ಲಾಟಿಗೆ ಕರೆತಂದಳು. ನನ್ನ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷ. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಅಕ್ಕನ ಎರಡೂ ಕಣ್ಣು ತೆಗೆದುಕೊಂಡಿತ್ತು. ಒಂದು ಮಧ್ಯಾಹ್ನ ಧೈರ್ಯ ಮಾಡಿ ಕೇಳಿದೆ.

"ಅಕ್ಕಾ, ಆ ಕೌದಿ ಉಂಟಾ?"

"ಇಲ್ಲದ ಎಲ್ಲಿಗೆ ಹೋಗ್ತೈತಿ? ಅದಕ್ಕೇನು ಕಾಲು ಅದಾವೇನ?"

"ನಾನು ಮುಗಿಸಿಕೊಡುತ್ತೇನೆ. ಮೊದಲು ನನ್ನ ಆ ಮೂರು ಸಾಲು ಬಿಚ್ಚಿಬಿಡುತ್ತೇನೆ."

"ಮುಟ್ಟೀ ಮತ್ತ! ಒಮ್ಮೆ ಬಿಚ್ಚಿದ್ದು ಸಾಲಲಿಲ್ಲೇನ ನಿನಗ?" ಎಂದವರೇ ಮೈಯೆಲ್ಲ ಅಲುಗುವ ಹಾಗೆ ನಕ್ಕರು. ಮೂವತ್ತು ವರ್ಷದಲ್ಲಿ ಆ ವಿಷಯ ಬಂದದ್ದು ಅದೇ ಮೊದಲು.

ಟ್ರಂಕಿನಿಂದ ಕೌದಿ ಹೊರಬಂತು, ಉಂಗುರ ನನ್ನ ಬೆರಳಿಗೆ ಬಂತು. ಆದರೆ ನನ್ನದೀಗ ಗಂಟು ಹಿಡಿದ ಬೆರಳು. ಗೆರೆ ಹಾಕಿಕೊಂಡರೂ ಸೂಜಿ ತನ್ನಿಷ್ಟ ಬಂದಲ್ಲಿ ಏಳುತ್ತಿತ್ತು. ನಾಚಿಕೆಯಾಗಿ ಬಿಚ್ಚಲು ಹೊರಟರೆ ಅಕ್ಕ ಬಟ್ಟೆ ಎಳೆದುಕೊಂಡು ಹೆಬ್ಬೆರಳಿನಲ್ಲಿ ಓದಿದರು.

"ಬಿಡು, ಬಿಚ್ಚಬ್ಯಾಡ. ಈಗ ಬಂತ ನೋಡ ನಿನಗ ಕೈ."

ಒಂಬತ್ತು ತಿಂಗಳು ಹಾಗೇ ಹೊಲಿದೆವು. ಹೊಲಿದವಳು ನಾನು, ಹೇಳಿದವರು ಅವರು. ಮುಟ್ಟಿಯೇ ಗುರುತು ಹಿಡಿಯುತ್ತಿದ್ದರು. ಇದು ಚೇಚಿಯ ಮುಂಡು, ಇದು ನೀನೀಗ ಸೇರಿಸಿದ ನಿನ್ನ ಸೀಮಂತದ ಸೀರೆ, ಇದು ಅವ್ವಂದು. ಕೌದಿಯನ್ನು ಹೊರ ಅಂಚಿನಿಂದ ಸುತ್ತುತ್ತಾ ನಡುವಿಗೆ ಹೊಲಿಯುತ್ತಾರೆ. ಕೊನೆಗೆ ಉಳಿಯುವ ಅಂಗೈಯಗಲದ ಜಾಗ ಅದರ ಹೊಟ್ಟೆ. ಅದರೊಳಗೆ ನಾಲ್ಕು ಕಾಳು ಹಾಕಿಯೇ ಮುಚ್ಚಬೇಕು, ಕೌದಿ ಹಸಿದಿರಬಾರದು ಎಂಬುದು ಅವರ ಕಡೆಯ ಪದ್ಧತಿ. ಅಕ್ಕ ಜೋಳ ಕೇಳಿದರು. ಮನೆಯಲ್ಲಿ ಜೋಳ ಎಲ್ಲಿ? ಇಂಜಿನಿಯರಿಂಗ್ ಓದುವ ಮೊಮ್ಮಗಳು ಅಡುಗೆಮನೆಯಿಂದ ಒಂದು ಮುಷ್ಟಿ ಕೆಂಪು ಕುಚ್ಚಲಕ್ಕಿ ತಂದು, "ಅಜ್ಜೀ, ಇದು ಮತಿಯೋ?" ಎಂದಳು. ಸಾಕಾ ಎಂದು, ಮಲಯಾಳದಲ್ಲಿ.

"ಎಷ್ಟು ವರ್ಷ ಇದನ್ನಽ ಉಂಡೇವಿ," ಎಂದರು ಅಕ್ಕ. "ಕೌದೀನೂ ಉಣ್ಣಲಿ, ಹಾಕ."

ಮುಗಿದ ಮರುವಾರವೇ ಅಕ್ಕ ಹೋದರು. ನಿದ್ದೆಯಲ್ಲೇ ಅಂತೆ. ಕೌದಿ ಈಗ ಮೊಮ್ಮಗಳ ಮಂಚದ ಮೇಲಿದೆ. ಶನಿವಾರ ಅವಳು ನನ್ನಲ್ಲಿಗೆ ಹೊಲಿಗೆ ಕಲಿಯಲು ಬರುತ್ತಾಳೆ. ಅವಳ ಹೊಲಿಗೆ ಭಯಂಕರ ಸೊಟ್ಟ. ನಾನು ಬಿಚ್ಚಿಸುವುದಿಲ್ಲ.

ಅಕ್ಕನನ್ನು ಕೊನೆಯ ಸಲ ನೋಡಿದ್ದು ಅವರು ಹೋಗುವ ಎರಡು ದಿನ ಮೊದಲು. ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಕೌದಿಯನ್ನು ಕತ್ತಿನವರೆಗೆ ಹೊದ್ದು ಮಲಗಿದ್ದರು. ಅಂಚಿನ ಮೇಲೆ ಓಡಾಡುತ್ತಿದ್ದ ಹೆಬ್ಬೆರಳು ಒಂದೆಡೆ ನಿಂತಿತು.

"ಇವು ನಿನ್ನ ಕಾನ್ವೆಂಟ್ ಸಾಲು, ಅಲ್ಲೇನ?"

"ಹೌದು ಅಕ್ಕಾ. ಸಾರಿ." ಅಂತೂ ಬಂತು.

"ಏ, ಸುಮ್ನಿರ. ಇವು ಕೈಗೆ ಹತ್ತಿದ ಕೂಡ್ಲೆ ತಲಿಕಡೆ ಯಾವುದು, ಕಾಲ್ಕಡೆ ಯಾವುದು ಅಂತ ತಿಳೀತೈತಿ ನನಗ. ಇಲ್ಲಂದ್ರ ಕುರುಡಿ ಹೆಂಗ ಹೊಚ್ಚಗೋಬೇಕಿತ್ತು?"

ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ತಿರುಗಿ ನೋಡಿದೆ. ಅವರ ಹೆಬ್ಬೆರಳು ಅಲ್ಲೇ ಇತ್ತು, ನನ್ನ ಮೂರು ಸಾಲಿನ ಮೇಲೆ.